ಒಲೆ ಹಚ್ಚುವ ಮೊದಲಿನ ಕೂಗು

ಟನ್‌ಮೀರ್ ಹಳ್ಳಿಯ ಅಂಚಿನ ಕೊನೆಯ ಮನೆಯಲ್ಲಿ, ಬೆಳಗಿನ ಒಲೆ ಹೊತ್ತಿಕೊಳ್ಳುವ ಮೊದಲು ಒಂದು ಕೂಗು ಕೇಳಿಸುತ್ತಿತ್ತು. ಥರ್ಜಾ ಗ್ಯಾರಡ್ ಹಿಂಬಾಗಿಲನ್ನು ತೆರೆದು, ಬೆಂಕಿಪೆಟ್ಟಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಬೇಲಿಯಾಚೆಯ ಪೈನ್ ಕಾಡಿಗೆ ಮುಖಮಾಡಿ ನಿಲ್ಲುತ್ತಿದ್ದಳು. “ಬೆಂಕಿ ಬರ್ತಿದೆ! ಎದ್ದು ಬನ್ನಿ!” ಹೀಗೆ ಮೂರು ಸಲ. ಆಮೇಲೆ ಕೀರ್ತನೆಯ ಒಂದು ಚರಣವನ್ನು ತುಟಿಯಲ್ಲೇ ಹಾಡಿಕೊಳ್ಳುವುದು. ಅದು ಮುಗಿದ ಮೇಲೆಯೇ ಕಡ್ಡಿ ಗೀರುವುದು.

ಹಳ್ಳಿಯವರಿಗೆ ಅದು ಹುಂಜದ ಕೂಗಿನಷ್ಟೇ ಮಾಮೂಲಾಗಿತ್ತು. ಆಕೆ ಊರಿನ ಶಾಲೆಯಲ್ಲಿ ಅಡುಗೆಯವಳಾಗಿದ್ದ ಕಾಲದಲ್ಲಿ ಅಲ್ಲಿಯೂ ಕೂಗದೆ ಒಲೆ ಹಚ್ಚಿದವಳಲ್ಲ. ಮಕ್ಕಳು ಬಿಡುತ್ತಾರೆಯೇ?

“ಮಿಸ್ ಗ್ಯಾರಡ್, ಇವತ್ತು ಬೆಂಕಿಗೆ ಹೆದರಿ ಯಾರ್ ಓಡಿ ಬಂದ್ರು? ಎಲೆಕೋಸಾ?”

“ಎಲೆಕೋಸು ಮಾತು ಕೇಳ್ಲಿಲ್ಲ ಕಣೋ. ಅದಕ್ಕೇ ನಿನ್ನ ತಟ್ಟೇಲಿ ಬೆಂದು ಬಿದ್ದಿದೆ. ಗೊಣಗದೆ ತಿನ್ನು.”

ನಗುತ್ತಲೇ ಬಡಿಸುತ್ತಿದ್ದ ಆ ಹೆಂಗಸು ಒಂದೇ ಒಂದು ಸಂಗತಿಯನ್ನು ಕಂಡಾಗ ಮಾತ್ರ ಬಿಳಿಚಿಕೊಳ್ಳುತ್ತಿದ್ದಳು. ಯಾರಾದರೂ ಬೆರಳನ್ನು ತುಟಿಯ ಮೇಲಿಟ್ಟು ‘ಸದ್ದು ಮಾಡಬೇಡ’ ಎಂಬ ಸನ್ನೆ ಮಾಡಿದರೆ ಸಾಕು, ಸೌಟನ್ನು ಕೆಳಗಿಟ್ಟು ಬೆನ್ನು ತಿರುಗಿಸುತ್ತಿದ್ದಳು. ಪ್ರಾರ್ಥನಾಲಯದಲ್ಲಿ ತಾಯಂದಿರು ಅಳುವ ಕೂಸುಗಳಿಗೆ ಹಾಗೆ ಸನ್ನೆ ಮಾಡಿದಾಗ ಆಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಭಕ್ತಿಯೆಂದು ಹೊಸಬರು ತಿಳಿಯುತ್ತಿದ್ದರು. ಅದು ಭಕ್ತಿಯಲ್ಲ, ಕಣ್ಣಿನೊಳಗೆ ಒಂದು ಮುಖವಿತ್ತು. ಆ ಮುಖದವನು ಅಂದು ಬೆಂಕಿಯಿಂದ ಎದ್ದು ಹೋದನೋ, ಇಲ್ಲವೋ? ಅರುವತ್ತು ವರ್ಷ ಆಕೆ ಕರ್ತನ ಮುಂದೆ ಮೊಣಕಾಲೂರಿ ಕೇಳಿದ್ದು ಇದೊಂದನ್ನೇ.

ಆಕೆಯ ಬಾಲ್ಯದಲ್ಲಿ ಬೇಲಿಯಾಚೆ ಪೈನ್ ಕಾಡು ಇರಲಿಲ್ಲ. ಸಮುದ್ರದ ದಿಬ್ಬಗಳವರೆಗೂ ತೆರೆದ ಕುರುಚಲು ಬಯಲು. ಬೇಸಿಗೆಯ ಕೊನೆಗೆ ನೆಲವೆಲ್ಲ ನೇರಳೆ ಹೂ, ಚಳಿಗಾಲದಲ್ಲೂ ಅಲ್ಲಲ್ಲಿ ಮುಳ್ಳುಪೊದೆಯ ಹಳದಿ. ಆ ಬಯಲು ಊರವರಿಗೆಲ್ಲ ಸೇರಿದ್ದು. ಕುರಿ ಮೇಯಿಸುವವರು ಚಳಿಗಾಲ ಹಿಂಜರಿಯುವ ಹೊತ್ತಿಗೆ, ಹಕ್ಕಿಗಳು ಗೂಡು ಕಟ್ಟುವ ಮೊದಲು, ಮುದಿಯಾದ ಪೊದೆಗಳನ್ನು ಪಟ್ಟಿಪಟ್ಟಿಯಾಗಿ ಸುಡುತ್ತಿದ್ದರು. ಹಾಗೆ ಸುಟ್ಟರೆ ಕುರಿಗಳಿಗೆ ಎಳೆ ಚಿಗುರು ಸಿಗುತ್ತಿತ್ತು. ಸುಡುವುದಕ್ಕೂ ಒಂದು ಕ್ರಮವಿತ್ತು. ಬೆಂಕಿ ಇಡುವವರ ಮನೆಯ ಕಿರಿಯ ಮಗು ಕೋಲು ಹಿಡಿದು ಪೊದೆಗಳನ್ನು ಬಡಿಯುತ್ತ, ಕೂಗುತ್ತ, ಪಟ್ಟಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಮೊಲ, ಹಾವು, ಹುಳ, ಕರ್ತನು ಉಸಿರು ಕೊಟ್ಟ ಯಾವುದೇ ಜೀವ ಎದ್ದು ಹೋಗಲಿ ಎಂದು. ಮಗು ಹಿಂತಿರುಗಿದ ಮೇಲೆ ಒಂದು ಚರಣ ಹಾಡುವಷ್ಟು ಹೊತ್ತು ಎಲ್ಲರೂ ಕಾಯಬೇಕು. ಆ ಕೂಗನ್ನು ಕೇಳಿಯೂ ಕುಳಿತಿರುವ ಜೀವವೊಂದುಂಟು ಎಂಬ ಯೋಚನೆಯೇ ಟನ್‌ಮೀರಿನವರ ತಲೆಗೆ ಬರುವಂತಿರಲಿಲ್ಲ.

ಯುದ್ಧ ಬಂದಾಗ ಬಯಲು ಸೈನ್ಯದ ಪಾಲಾಯಿತು. ಎಲ್ಲೆಲ್ಲಿಂದಲೋ ಬಂದ ಹುಡುಗರು ಅಲ್ಲಿ ಅಂಕುಡೊಂಕು ಕಂದಕ ತೋಡಿದರು, ಮರಳುಮೂಟೆ ಪೇರಿಸಿದರು, ಕೊಂಬೆರೆಂಬೆಗಳನ್ನು ಶಿರಸ್ತ್ರಾಣಕ್ಕೆ ಸಿಕ್ಕಿಸಿಕೊಂಡು ಪೊದೆಗಳಲ್ಲಿ ಪೊದೆಯಾಗಿ ಕುಳಿತುಕೊಳ್ಳುವುದನ್ನು ಕಲಿತರು. ಒಮ್ಮೆ ಊರಿನ ಮಕ್ಕಳು ಅಡಗಿದ್ದ ಸೈನಿಕನೊಬ್ಬನನ್ನು ಬೆರಳು ಮಾಡಿ ತೋರಿಸಿ ಕೇಕೆ ಹಾಕಿದ್ದರು. ಅದರ ದೆಸೆಯಿಂದ ಅವನ ತಂಡಕ್ಕೆಲ್ಲ ಶಿಕ್ಷೆಯಾಯಿತಂತೆ. ಶಾಲೆಯಲ್ಲಿ ಉಪಾಧ್ಯಾಯಿನಿ ಮಕ್ಕಳನ್ನು ನಿಲ್ಲಿಸಿ ಬೈದರು: ಸೈನಿಕರು ಕಂಡರೂ ಕಂಡಿಲ್ಲ, ತಿಳಿಯಿತೇ? ಒಂಬತ್ತು ವರ್ಷದ ಥರ್ಜಾ ಎಲ್ಲರಿಗಿಂತ ಗಟ್ಟಿಯಾಗಿ ತಲೆಯಾಡಿಸಿದ್ದಳು.

ಯುದ್ಧದ ನಾಲ್ಕನೆಯ ವಸಂತ. ಊರ ಕಡೆಯ ಪಟ್ಟಿಯನ್ನು ಸುಡಲು ಆಕೆಯ ಅಪ್ಪ ಅಬ್ನರ್ ಗ್ಯಾರಡ್‌ಗೆ ಅಪ್ಪಣೆ ಸಿಕ್ಕಿತ್ತು; ಆ ದಿನ ಅಲ್ಲಿ ತಾಲೀಮು ಇಲ್ಲವೆಂದು ಅಧಿಕಾರಿಯೊಬ್ಬ ಬಾಯಿಮಾತಿನಲ್ಲಿ ಹೇಳಿದ್ದ. ಥರ್ಜಾ ಕೋಲು ಹಿಡಿದು ಹೊರಟಳು. “ಬೆಂಕಿ ಬರ್ತಿದೆ! ಎದ್ದು ಬನ್ನಿ!” ಪಟ್ಟಿಯ ನಡುವೆ ಒಂದು ಪೊದೆಯನ್ನು ಬಡಿದಾಗ ಅದರೊಳಗಿಂದ ಎರಡು ಕಣ್ಣು ಆಕೆಯನ್ನು ನೋಡಿದವು. ಮಸಿ ಬಳಿದ ಮುಖ. ನೆಲದ ಮಟ್ಟಕ್ಕೆ ತಲೆ, ದೇಹವೆಲ್ಲ ಕುಳಿಯೊಳಗೆ. ಅವನು ನಕ್ಕನು, ಹುಡುಗನ ನಗೆ. ಬೆರಳನ್ನು ತುಟಿಯ ಮೇಲಿಟ್ಟನು.

ಆಕೆ ತಲೆಯಾಡಿಸಿ ಮುಂದೆ ನಡೆದಳು.

“ಏನ್ ಪುಟ್ಟಿ, ಯಾರಾದ್ರೂ ಇದ್ರಾ?” ಅಪ್ಪ ಕೇಳಿದನು. ಅದು ವಾಡಿಕೆಯ ಪ್ರಶ್ನೆ.

“ಒಂದು ಮೊಲ, ಅಪ್ಪಾ.”

ಚರಣ ಹಾಡಿದರು. ಹಾಡುತ್ತ ಹಾಡುತ್ತ ಥರ್ಜಾ ಕಾಯುತ್ತಿದ್ದಳು. ಕೂಗಿಯಾಗಿದೆ, ಈಗ ಎದ್ದು ಹೋಗುತ್ತಾನೆ, ಯಾರಿಗೂ ಕಾಣದ ಹಾಗೆ ಹೋಗುವುದು ಅವರಿಗೆ ಗೊತ್ತು. ಯಾವುದೋ ಪಟ್ಟಣದ ಆ ಹುಡುಗನಿಗೆ ಈ ಕೂಗೆಂದರೆ ಏನೆಂದು ಗೊತ್ತಿರಲಾರದು, ಅದನ್ನು ಅವನು ಮಕ್ಕಳಾಟವೆಂದೋ ಎದುರು ಪಕ್ಷದ ತಂತ್ರವೆಂದೋ ತಿಳಿದಿರಬಹುದು ಎಂಬ ಸಂಶಯ ಆಕೆಗೆ ಹೇಗೆ ಬರಬೇಕು? ಅಪ್ಪ ಬೆಂಕಿ ಇಟ್ಟನು. ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ಒಣ ಪೊದೆಗಳು ಒಂದರ ಮೇಲೊಂದು ಹೊತ್ತಿಕೊಂಡಾಗ ಆಕೆ ಕಿರುಚಿದಳು: “ಅಪ್ಪಾ, ಅಲ್ಲೊಬ್ಬ ಇದ್ದಾನೆ!”

ಅಬ್ನರ್ ಒದ್ದೆ ಗೋಣಿ ಹೊದ್ದು ಒಳನುಗ್ಗಿದನು. ಹೊರಬಂದಾಗ ಅವನ ಎರಡು ಕೈಗಳೂ ಬೆಂದಿದ್ದವು. ಕೈಯಲ್ಲಿ ಯಾರೂ ಇರಲಿಲ್ಲ. ಒಳಗೆ ಏನೋ ಪಟಪಟನೆ ಸಿಡಿಯುತ್ತಿದ್ದುದನ್ನು ಇಬ್ಬರೂ ಕೇಳಿದರು. ಅಷ್ಟರಲ್ಲಿ ಸೈನ್ಯದವರು ಬಂದು ಇಬ್ಬರನ್ನೂ ಬಯಲಿನಿಂದ ಆಚೆ ಕಳಿಸಿದರು. ಮರುದಿನ ಅಬ್ನರ್ ಶಿಬಿರದ ಬಾಗಿಲಿಗೆ ಹೋದಾಗ ಹಿಂದಿನ ತಂಡ ಹೊರಟುಹೋಗಿತ್ತು. ಹೊಸ ತಂಡದ ಅಧಿಕಾರಿ ಅವನ ಕೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿ, ಯುದ್ಧಕಾಲದಲ್ಲಿ ಇಂಥವನ್ನೆಲ್ಲ ಕೇಳಬಾರದು ಎಂದಷ್ಟೇ ಹೇಳಿದ.

ಅಬ್ನರ್ ಮಗಳನ್ನು ಒಂದು ಮಾತು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಎಂದು ಥರ್ಜಾ ಮುಪ್ಪಿನಲ್ಲಿಯೂ ಹೇಳುತ್ತಿದ್ದಳು. ಅವನು ಮತ್ತೆಂದೂ ಬಯಲನ್ನು ಸುಡಲಿಲ್ಲ. ಪ್ರತಿ ಮುಂಜಾನೆ ಬೇಲಿಯ ಬಳಿ ನಿಂತು, “ಎದ್ದು ಬಾರಪ್ಪಾ ಮಗನೇ” ಎಂದು ಕರೆಯುತ್ತಿದ್ದನು. ಧರ್ಮಗ್ರಂಥದ ಆದಿಯಲ್ಲಿ, ತಪ್ಪು ಮಾಡಿ ತೋಟದ ಮರಗಳ ನಡುವೆ ಅಡಗಿಕೊಂಡ ಮೊದಲ ಮನುಷ್ಯನನ್ನು ಕರೆಯುತ್ತ ನಡೆದ ದೇವರ ದನಿಯಲ್ಲಿಯೂ ಇಂಥದೇ ಸಂಕಟ ಇದ್ದಿರಬೇಕು. ಯುದ್ಧ ಮುಗಿದ ಮೇಲೆ ಬಯಲನ್ನು ಉತ್ತು ಪೈನ್ ನೆಟ್ಟರು. ನೇಗಿಲು ಇಳಿಯದ ಕುಳಿ, ಕಂದಕಗಳ ಸುತ್ತ ಸಾಲುಸಾಲಾಗಿ ಮರ ಎದ್ದಿತು. ಅಬ್ನರ್ ಮರಗಳ ನಡುವೆ ಹೋಗಿ ಕರೆದನು. ಅವನನ್ನು ಮಣ್ಣು ಮಾಡಿದ ಮರುದಿನ, ಥರ್ಜಾ ಒಲೆಯ ಮುಂದೆ ಕುಳಿತು ಕಡ್ಡಿ ತೆಗೆದಳು, ಗೀರಲಾಗಲಿಲ್ಲ. ಎದ್ದು ಹಿಂಬಾಗಿಲು ತೆರೆದಳು. ಆ ಕಾಡಿನಲ್ಲಿ ಹಕ್ಕಿಯ ದನಿಯೂ ಕಡಿಮೆ. ಯಾರೋ ಉಸಿರು ಬಿಗಿಹಿಡಿದು ಕುಳಿತ ಹಾಗೆ ಒಂದು ಮೌನ. ಅಂದಿನಿಂದ ಆ ಕೂಗು ಆಕೆಯದಾಯಿತು.

ಪಕ್ಕದ ತೋಟದ ಎಡ್ಗರ್ ಬೊರೆಟ್, ಪ್ರಾರ್ಥನಾಲಯದಲ್ಲಿ ಆಕೆಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು, ಯೌವನದಲ್ಲಿ ಆಕೆಯನ್ನು ಮದುವೆಯಾಗುವೆಯಾ ಎಂದು ಕೇಳಿದ್ದನು. “ನಮ್ಮನೇಲಿ ಆಗ್ಲೇ ಒಬ್ಬ ಇದ್ದಾನೆ ಎಡ್ಗರ್. ಅವ್ನು ಎದ್ದು ಹೋಗೋ ತನಕ ನಿನ್ನ ಎಲ್ಲಿ ಕೂರಿಸ್ಲಿ?” ಎಂದಳು. ಅವನು ಬೇರೆ ಮದುವೆಯಾಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಅವಳ ಕೂಗು ಕೇಳಿದ ಮೇಲೆಯೇ ತನ್ನ ಚಹಾಕ್ಕೆ ನೀರಿಡುವುದು ಅವನಿಗೂ ರೂಢಿಯಾಯಿತು.

ಥರ್ಜಾಳ ಕೂದಲು ಪೂರ್ತಿ ನರೆತ ಮೇಲೆ, ಒಂದು ಚಳಿಗಾಲ ಯಂತ್ರಗಳು ಬಂದು ಪೈನ್ ಕಾಡನ್ನು ಕೆಡವಿದವು. ಹಳೆಯ ಕುರುಚಲು ಬಯಲನ್ನೇ ಮರಳಿ ತರುವುದೆಂದು ಮೇಲಿನವರು ತೀರ್ಮಾನಿಸಿದ್ದರಂತೆ. ಮರಗಳು ಹೋದ ದಿನ ಥರ್ಜಾ ಬಾಗಿಲು ತೆರೆದು ಕೂಗಲೆಂದು ಬಾಯಿ ತೆರೆದವಳು ಹಾಗೆಯೇ ನಿಂತಳು. ಬೆಳಗಿನ ಓರೆ ಬಿಸಿಲಿನಲ್ಲಿ ನೆಲ ತನ್ನ ಗಾಯಗಳನ್ನೆಲ್ಲ ತೋರಿಸುತ್ತಿತ್ತು. ಅಂಕುಡೊಂಕು ಕಂದಕಗಳ ನೆರಳು. ಉಂಗುರದಂಥ ದಿಬ್ಬಗಳು. ಅಲ್ಲಲ್ಲಿ ಒಬ್ಬ ಮನುಷ್ಯ ಹಿಡಿಯುವಷ್ಟು ಕುಳಿ, ಒಂದೊಂದರಲ್ಲೂ ಕತ್ತಲೆ. ಎಲ್ಲರೂ ನಿನ್ನೆಯಷ್ಟೇ ಎದ್ದು ಹೋದ ಹಾಗಿತ್ತು. ಅಥವಾ ಇನ್ನೂ ಯಾರೂ ಎದ್ದಿಲ್ಲದ ಹಾಗಿತ್ತು.

ಆ ಗುರುತುಗಳನ್ನು ಅಳೆಯಲು ಬಂದವಳು ಬ್ರಯನಿ ಎಂಬ ಹೆಂಗಸು. ನೆಲದಲ್ಲಿ ಹುದುಗಿದ ಹಳೆಯ ಕಾಲವನ್ನು ಅಗೆದು ನೋಡುವುದು ಅವಳ ಉದ್ಯೋಗ. ಹಳಬರಿಗೆ ಏನು ನೆನಪಿದೆ ಎಂದು ಮನೆಮನೆಗೆ ಕೇಳುತ್ತ ಬಂದಳು. ಎಡ್ಗರ್ ಅವಳನ್ನು ಥರ್ಜಾಳ ಅಡುಗೆಮನೆಗೆ ಕರೆತಂದನು.

“ಇವ್ಳನ್ನ ಕೇಳಮ್ಮ. ಆ ಬಯಲು ಅರುವತ್ತು ವರ್ಷದಿಂದ ಇವ್ಳ ನಿದ್ದೆ ತಿಂದಿದೆ. ಇವ್ಳ ಕೂಗು ನನ್ನ ನಿದ್ದೆ ತಿಂದಿದೆ.”

“ನಿನ್ನನ್ನ ಎಬ್ಬಿಸಕ್ಕೆ ಅಲ್ಲ ಕೂಗೋದು, ಎಡ್ಗರ್. ಬಿಸ್ಕತ್ ತಗೊಂಡು ಸುಮ್ನೆ ಕೂತ್ಕೋ” ಎಂದಳು ಥರ್ಜಾ. ಆಮೇಲೆ ಎಲ್ಲವನ್ನೂ ಹೇಳಿದಳು. ಹಳ್ಳಿಗೆ ಗೊತ್ತಿದ್ದ ಕಥೆಯೇ. ಆದರೂ ಹೊಸಬಳ ಎದುರು ಹೇಳುವಾಗ ಆಕೆಯ ಚಹಾ ತಣ್ಣಗಾಯಿತು.

ಬ್ರಯನಿ ತನ್ನ ಟಿಪ್ಪಣಿ ಪುಸ್ತಕವನ್ನು ಮುಚ್ಚಿದಳು. “ಮಿಸ್ ಗ್ಯಾರಡ್, ಅಲ್ಲಿ ಸುಟ್ಟ ಕುಳಿ ಇದ್ರೆ ಗೊತ್ತಾಗತ್ತೆ. ಇದ್ದಿಲು ಎಷ್ಟು ವರ್ಷ ಆದ್ರೂ ಕರಗಲ್ಲ. ಆದ್ರೆ ಮನುಷ್ಯನ ಅವಶೇಷ ಸಿಕ್ಕಿದ್ರೆ ಆ ಕ್ಷಣಾನೇ ಕೆಲಸ ನಿಲ್ಲಿಸಿ ಪೊಲೀಸರನ್ನ ಕರೀಬೇಕಾಗತ್ತೆ. ನಿಮಗೆ... ನಿಜವಾಗ್ಲೂ ನೋಡ್ಬೇಕಾ?”

ಥರ್ಜಾ ಕಿಟಕಿಯ ಕಡೆ ನೋಡಿದಳು. ಅಲ್ಲಿದ್ದರೆ, ತನ್ನ ಮೌನವೇ ಒಬ್ಬ ತಾಯಿಯ ಮಗನನ್ನು ಸುಟ್ಟಿತು. ಇಲ್ಲದಿದ್ದರೆ, ಅಪ್ಪನ ಬೆಂದ ಕೈಗಳೂ ತನ್ನ ಜೀವಮಾನವೂ ಯಾರೂ ಇಲ್ಲದ ಕುಳಿಗೆ ಸಂದವು. ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ಆಕೆಗೆ ತಿಳಿಯಲಿಲ್ಲ.

“ಅಗೀರಮ್ಮಾ” ಎಂದಳು. “ಕೂಗಿದವ್ಳು ನಾನು. ಉತ್ತರ ಏನೇ ಇರ್ಲಿ, ಕೇಳ್ಬೇಕಾದವ್ಳೂ ನಾನೇ.”

ಕೆಲವು ದಿನಗಳಲ್ಲಿ ಬ್ರಯನಿ ಆ ಸುಟ್ಟ ಕುಳಿಯನ್ನು ಪತ್ತೆ ಮಾಡಿದಳು. ಉಳಿದ ಕುಳಿಗಳಲ್ಲಿ ಬರೀ ಮರಳು, ಪೈನ್ ಎಲೆಯ ಕೊಳೆ. ಒಂದರಲ್ಲಿ ಮಾತ್ರ ಕರಣೆ ತಾಗಿದೊಡನೆ ಕಪ್ಪು ಪದರ. ಸುದ್ದಿ ತಿಳಿದು ಥರ್ಜಾ ಭಾನುವಾರದ ಕೋಟು ತೊಟ್ಟು ಬಂದಳು. ಎಡ್ಗರ್ ಅವಳಿಗಾಗಿ ಮಡಿಸುವ ಕುರ್ಚಿ ಹೊತ್ತು ತಂದನು, ಆಕೆ ಕೂರಲಿಲ್ಲ.

ಬ್ರಯನಿ ಕುಳಿಯೊಳಗೆ ಮೊಣಕಾಲೂರಿ, ಕುಂಚದಿಂದ ಮರಳನ್ನು ಸರಿಸುತ್ತಿದ್ದಳು. ಇದ್ದಿಲಾದ ಪೊದೆಯ ಕಡ್ಡಿಗಳು ಬಿದ್ದ ಹಾಗೆಯೇ ಮಲಗಿದ್ದವು. ಬಾಯಿ ಬಿರಿದ ಹಿತ್ತಾಳೆಯ ತೋಟಾಗಳು ಬಂದವು. ತಾಲೀಮಿಗೆ ಬಳಸುವ, ಗುಂಡಿಲ್ಲದವು.

“ಪಟಪಟ ಅಂತ ಸಿಡಿದಿದ್ದು ಇವೇ” ಎಂದಳು ಥರ್ಜಾ. ಆ ಸದ್ದನ್ನು ಆಕೆ ಇಷ್ಟು ವರ್ಷ ಬೇರೆ ಯಾವುದರದೋ ಎಂದು ತಿಳಿದಿದ್ದಳು.

“ಇನ್ನೂ ಕೆಳಗೆ ನೋಡ್ತೀನಿ” ಎಂದಳು ಬ್ರಯನಿ. “ಈ ಮರಳಲ್ಲಿ ಆಮ್ಲ ಜಾಸ್ತಿ, ಮೂಳೆಯನ್ನ ಬೇಗ ತಿಂದುಬಿಡತ್ತೆ, ಮಿಸ್ ಗ್ಯಾರಡ್. ಮೂಳೆ ಇಲ್ಲ ಅಂದ ಮಾತ್ರಕ್ಕೆ ಮನುಷ್ಯ ಇರ್ಲಿಲ್ಲ ಅಂತ ಹೇಳಕ್ಕಾಗಲ್ಲ. ಆದ್ರೆ ಕೋಟಿನ ಬಟನ್ನು, ಬೆಲ್ಟಿನ ಬಕಲ್ಲು, ಬೂಟಿನ ಮೊಳೆ, ಇವೆಲ್ಲ ಉಳೀಲೇಬೇಕು.”

ಆ ಮಾತು ಮುಗಿಯುವ ಮೊದಲೇ ಅವಳ ಕುಂಚ ನಿಂತಿತು. ಮರಳಿನ ಮೇಲೆ ತುಕ್ಕಿನ ಚುಕ್ಕಿಗಳು ಒಂದೊಂದಾಗಿ ಎದ್ದವು. ಚುಕ್ಕಿಗಳು ಸಾಲಾದವು, ಸಾಲುಗಳು ಬಾಗಿ ಒಂದು ಆಕಾರವಾದವು. ಹಿಮ್ಮಡಿಗೆ ಲಾಳದಂಥ ಒಂದು ಕಬ್ಬಿಣ. ತೊಗಲು ಕೊಳೆತುಹೋಗಿ, ಅಟ್ಟೆಯ ಮೊಳೆಗಳು ಮಾತ್ರ ಹೆಜ್ಜೆಯ ಆಕಾರದಲ್ಲಿ ಉಳಿದಿದ್ದವು.

ಎಡ್ಗರ್ ಟೋಪಿ ತೆಗೆದನು. ಥರ್ಜಾ ಅವನ ತೋಳನ್ನು ಹಿಡಿದುಕೊಂಡಳು. “ಇದ್ದ” ಎಂದಳು, ಉಸಿರಿನಷ್ಟೇ ದನಿಯಲ್ಲಿ. “ಅಪ್ಪಾ, ಅವ್ನಿದ್ದ.”

ಬ್ರಯನಿ ಮತ್ತೆ ಕುಂಚ ಆಡಿಸಿದಳು. ಬಹಳ ಹೊತ್ತು. ಕುಳಿಯ ತಳವೆಲ್ಲ ಹಳದಿ ಮರಳಾಯಿತು, ಅದರ ಕೆಳಗೆ ಯಾರ ಕೈಯೂ ಮುಟ್ಟದ ಗಟ್ಟಿ ನೆಲ. ಆಮೇಲೆ ತಲೆಯೆತ್ತಿದಳು.

“ಒಂದೇ ಬೂಟು” ಎಂದಳು.

“ಅಂದ್ರೆ?”

“ಬಟನ್ ಇಲ್ಲ, ಬಕಲ್ ಇಲ್ಲ. ಇನ್ನೊಂದು ಬೂಟು ಇಲ್ಲ. ಇಲ್ಲಿ ನೋಡಿ, ಅಂಚು ಕುಸಿದು ಮಣ್ಣು ಬಿದ್ದಿದೆ, ಕಾಲು ಸಿಕ್ಕಿಕೊಂಡಿರ್ಬೇಕು. ಹಿಂದುಗಡೆ ಈ ಸಣ್ಣ ಕಾಲುವೆ ಥರ ಇದ್ಯಲ್ಲ, ಇದು ಹೊಟ್ಟೆ ಮೇಲೆ ತೆವಳಿ ಹೋಗಕ್ಕೆ ಅವರೇ ತೋಡಿದ್ದು. ಬೂಟು ಬಿಟ್ಟು, ಕಾಲು ಕಿತ್ಕೊಂಡು, ಹಿಂದಿನಿಂದ ಹೋಗಿದ್ದಾನೆ ಮಿಸ್ ಗ್ಯಾರಡ್. ನಿಮ್ಮಪ್ಪ ಮುಂದಿನಿಂದ ಬಂದಿದಾರೆ.”

ಥರ್ಜಾ ಆ ತೆವಳುದಾರಿಯನ್ನು ಕಣ್ಣಿನಿಂದ ಹಿಂಬಾಲಿಸಿದಳು. ಅದು ಸ್ವಲ್ಪ ದೂರ ಹೋಗಿ, ಪೈನ್ ನೆಡಲು ಉತ್ತ ನೇಗಿಲಸಾಲುಗಳಲ್ಲಿ ಅಳಿಸಿಹೋಗಿತ್ತು.

“ಎಲ್ಲೀ ತನಕ ಹೋದ?”

“ಅದನ್ನ ಈ ನೆಲ ಹೇಳಲ್ಲ.”

“ಬದುಕಿದ್ನಾ?”

ಬ್ರಯನಿ ಸುಳ್ಳು ಹೇಳುವವಳಾಗಿರಲಿಲ್ಲ. “ಗೊತ್ತಿಲ್ಲ” ಎಂದಳು. “ಎದ್ದು ಹೋದ. ಅಷ್ಟು ಮಾತ್ರ ಗೊತ್ತು.”

ಥರ್ಜಾ ಕಷ್ಟಪಟ್ಟು ಮೊಣಕಾಲೂರಿದಳು. ಧರ್ಮಗ್ರಂಥದಲ್ಲಿ ಉರಿಯುವ ಪೊದೆಯ ಎದುರು ಕಾಲಿನ ಕೆರವನ್ನು ಕಳಚಬೇಕಾಗಿ ಬಂದವನ ಕಥೆಯನ್ನು ಆಕೆ ಬಾಲ್ಯದಿಂದ ಕೇಳಿದ್ದಳು. ಆ ನೆಲ ಪರಿಶುದ್ಧವೆಂದು ದೇವರು ಪೊದೆಯೊಳಗಿಂದ ಅವನಿಗೆ ತಿಳಿಸಿದ್ದನು. ಈ ಕುಳಿಯ ಮರಳನ್ನು ಆಕೆ ಅಂಗೈಯಿಂದ ಮುಟ್ಟಿದಳು. ತಣ್ಣಗಿತ್ತು.

ಮರುದಿನ ಮುಂಜಾನೆ ಎಡ್ಗರ್ ಕೆಟಲಿಗೆ ನೀರು ತುಂಬಿ ಕಾದನು. ಕೂಗು ಕೇಳಲಿಲ್ಲ. ಕಾದು ಕಾದು, ಅವಳಿಗೇನಾಯಿತೋ ಎಂದು ಓಡಿ ಬಂದನು. ಥರ್ಜಾ ತಣ್ಣನೆಯ ಒಲೆಯ ಮುಂದೆ, ಹಚ್ಚದ ಕಡ್ಡಿಯನ್ನು ಹಿಡಿದು ಕುಳಿತಿದ್ದಳು.

“ಕೂಗಕ್ಕೆ ಯಾರಿಲ್ಲ ಎಡ್ಗರ್” ಎಂದಳು. “ಆದ್ರೂ ಹಚ್ಚಕ್ಕೆ ಕೈ ಬರ್ತಿಲ್ಲ.”

“ಹಂಗಾದ್ರೆ ನಮ್ಮನೆಗೆ ಬಾ. ಅಲ್ಲಿ ಗ್ಯಾಸು. ಒಂದು ಗುಂಡಿ ತಿರುಗಿಸಿದ್ರೆ ಸಾಕು, ಯಾವ ಪ್ರಶ್ನೇನೂ ಕೇಳಲ್ಲ.”

ಆಕೆ ನಗಲಿಲ್ಲ, ಆದರೆ ಹೋದಳು. ಆ ವಾರವೆಲ್ಲ ಅವಳ ಮನೆಯ ಹೊಗೆಕೊಳವೆಯಿಂದ ಹೊಗೆ ಏಳಲಿಲ್ಲ.

ಆ ವಾರದ ಕೊನೆಗೆ ಬಯಲಿನಲ್ಲಿ ಕೆಲಸದವರು ಪೈನ್ ರೆಂಬೆಗಳ ರಾಶಿಗಳನ್ನು ಸುಡಲು ಸಿದ್ಧರಾದರು. ಎಡ್ಗರ್ ಅವರ ಮೇಸ್ತ್ರಿಯ ಎದುರು ಊರುಗೋಲು ಊರಿ ನಿಂತನು.

“ನಮ್ಮೂರಲ್ಲಿ ಕೂಗದೆ ಬೆಂಕಿ ಹಚ್ಚೋ ಹಾಗಿಲ್ಲಪ್ಪಾ.”

“ಯಾರು ಕೂಗ್ಬೇಕು, ಯಜಮಾನ್ರೇ?” ಮೇಸ್ತ್ರಿ ಸಭ್ಯನಾಗಿಯೇ ಕೇಳಿದ.

“ಮನೆಯ ಕಿರಿಯರು.” ಎಡ್ಗರ್ ತನ್ನ ಹಿಂದೆ ಬಂದಿದ್ದ ಥರ್ಜಾಳ ಕಡೆ ತಿರುಗಿದನು. “ಏನ್ ಥರ್ಜಾ, ನಿಮ್ಮನೇಲಿ ಕಿರಿಯಳು ಈಗ್ಲೂ ನೀನೇ ತಾನೆ?”

ಥರ್ಜಾ ಅವನ ಊರುಗೋಲನ್ನೇ ಕಸಿದುಕೊಂಡು ಹೊರಟಳು. ಮುದಿ ಕಾಲು, ಉಬ್ಬುತಗ್ಗಿನ ನೆಲ. ಆದರೂ ಯಾರ ಕೈಯನ್ನೂ ಹಿಡಿಯಲೊಲ್ಲಳು. ರಾಶಿರಾಶಿಯನ್ನೂ ಬಡಿದಳು. “ಬೆಂಕಿ ಬರ್ತಿದೆ! ಎದ್ದು ಬನ್ನಿ!” ಬಾಲ್ಯದಲ್ಲಿ ಕೂಗುತ್ತ ಮುಂದೆ ನಡೆದಿದ್ದಳು, ಈಗ ಪ್ರತಿ ಕೂಗಿಗೂ ನಿಂತಳು, ಬಗ್ಗಿ ನೋಡಿದಳು, ಕಂದಕದ ಪ್ರತಿ ತಿರುವಿನೊಳಗೂ ಇಣುಕಿದಳು. ಬೂಟು ಸಿಕ್ಕ ಕುಳಿಯ ಬಳಿ ಬಂದಾಗ ಬೇರೆಲ್ಲ ಕಡೆಗಿಂತ ಹೆಚ್ಚು ಹೊತ್ತು ನಿಂತಳು. ದೂರದಿಂದ ನೋಡುತ್ತಿದ್ದ ಎಡ್ಗರ್‌ಗೆ ಆಕೆ ಕುಳಿಯೊಳಗೆ ನೋಡಿ ಯಾರಿಗೋ ತಲೆಯಾಡಿಸಿದ ಹಾಗೆ ಕಂಡಿತು. ಆಮೇಲೆ ಆಕೆ ಬೆರಳನ್ನು ಮೆಲ್ಲಗೆ ತನ್ನ ತುಟಿಗೆ ಮುಟ್ಟಿಸಿ, ಅಲ್ಲಿಂದ ತೆಗೆದಳು.

ಹಿಂತಿರುಗಿ ಬಂದಾಗ ಮೇಸ್ತ್ರಿ ಪಂಜು ಹಿಡಿದು ಕಾಯುತ್ತಿದ್ದನು. ವಾಡಿಕೆಯ ಪ್ರಶ್ನೆಯನ್ನು ಕೇಳಲು ಅಬ್ನರ್ ಇರಲಿಲ್ಲವಾಗಿ ಎಡ್ಗರ್ ಕೇಳಿದನು:

“ಯಾರಾದ್ರೂ ಇದ್ರಾ, ಥರ್ಜಾ?”

“ಇದ್ದ” ಎಂದಳು ಆಕೆ. “ಎದ್ದು ಹೋದ.”

ಚರಣವನ್ನು ಆಕೆಯೇ ಎತ್ತಿಕೊಂಡಳು. ಎಡ್ಗರ್ ಒಡೆದ ದನಿಯಲ್ಲಿ ಸೇರಿದನು, ಅಳತೆಯ ಕೆಲಸ ಬಿಟ್ಟು ಬಂದಿದ್ದ ಬ್ರಯನಿಗೆ ಹಾಡು ಗೊತ್ತಿರಲಿಲ್ಲ, ತಲೆ ಬಾಗಿಸಿದಳು. ಹಾಡು ಮುಗಿದ ಮೇಲೂ ಥರ್ಜಾ ಕೈಯೆತ್ತಿ ಮೇಸ್ತ್ರಿಯನ್ನು ತಡೆದು, ಗಾಳಿ ಯಾವ ಕಡೆಗೆಂದು ನೋಡಿದಳು. ಅದು ಊರಿನಿಂದ ಸಮುದ್ರದ ಕಡೆಗೆ ನೆಟ್ಟಗೆ ಬೀಸುತ್ತಿತ್ತು. ಆಗ ಕೈ ಇಳಿಸಿದಳು.